ಊರಿಗೆಲ್ಲ ಎಪ್ಪತ್ನಾಲ್ಕು ತುಂಬಿಸಿದ ಜಾಲತಾಣಕ್ಕೆ

ಹೊನವಾಡ, ಮಂಗಳವಾರ

ನೇತ್ರ ಶಿಬಿರದ ನೋಂದಣಿ ನಡೆಸುವ ಮಾನ್ಯ ಜಾಲತಾಣದವರೇ,

ವಿಜಯಪುರದ ತಂಪು ಕೋಣೆಯಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿ, ಸಮ್ರೀನ ಮಾಡುವ ಸಲಾಮುಗಳು.

ಬರುವ ಶುಕ್ರವಾರದ ಶಿಬಿರದಲ್ಲಿ ನನ್ನ ಅಜ್ಜಿ ಪೀರಾಂಬಿಯ ಕಣ್ಣಿನ ಪೊರೆ ತೆಗೆಸಬೇಕಾಗಿದೆ. ಹಿರಿಯರಿಗೆ ಮೊದಲ ಸರದಿ ಎಂಬುದು ಶಿಬಿರದ ನಿಯಮ. ತಮ್ಮಲ್ಲಿ ಆಕೆಯ ವಯಸ್ಸು ನಲವತ್ತೇಳು ಎಂದು ದಾಖಲಾಗಿದ್ದರಿಂದ, ತಿದ್ದಲೆಂದು ಮೊಬೈಲಿನಲ್ಲಿ ತಮ್ಮ ಚೌಕದೊಳಗೆ 74 ಎಂದು ಬರೆದು, ಪಕ್ಕದಲ್ಲಿ ಎರಡು ಅಡ್ಡಗೆರೆ ಹಾಕಿದೆ. ಗೆರೆ ಹಾಕದಿದ್ದರೆ ಯಾರಾದರೂ ಮುಂದೆ ಇನ್ನೊಂದು ಅಂಕಿ ಸೇರಿಸಿಯಾರೆಂದು ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಬರೆಯುವುದು.

ತಾವೋ ಆ ಗೆರೆಗಳನ್ನು ಅಪ್ಪಣೆಯೆಂದು ತಲೆಯ ಮೇಲೆ ಹೊತ್ತಿರಿ! ತಮ್ಮನ್ನು ನೋಡಿಕೊಳ್ಳುವ ಮಲ್ಲಿನಾಥ ಅವರು ಫೋನಿನಲ್ಲಿ ಹೇಳಿದಂತೆ, ತಮ್ಮ ಭಾಷೆಯಲ್ಲಿ ಎರಡು ಗೆರೆ ಎಂದರೆ ‘ಇಲ್ಲಿಂದ ಮುಂದಿನದನ್ನು ಓದಬೇಡ’ ಎಂದಂತೆ. ನಾನು ಬರೆದದ್ದನ್ನು ತಾವು ತಮ್ಮ ಅಪ್ಪಣೆಯ ನಡುವೆ ಸೇರಿಸಿಕೊಂಡಾಗ, ಗೆರೆಗಳ ಮುಂದೆ ಇದ್ದದ್ದು ‘ಪೀರಾಂಬಿಯದನ್ನು ಮಾತ್ರ ಬದಲಿಸು’ ಎಂಬ ಮಾತು. ಅದನ್ನು ಬಿಟ್ಟು, ಪಟ್ಟಿಯಲ್ಲಿದ್ದ ನಾನೂರ ಹನ್ನೆರಡು ಜನರಿಗೂ ತಾವು ಒಂದೇ ಕ್ಷಣದಲ್ಲಿ ಎಪ್ಪತ್ನಾಲ್ಕು ತುಂಬಿಸಿದಿರಿ. ಪಕ್ಕದ ಮನೆಯ ಶಬನಮಳ ಎಂಟು ತಿಂಗಳ ಕೂಸಿಗೆ, ಹಿರಿಯ ನಾಗರಿಕರ ಗುರುತಿನ ಚೀಟಿ ತರಬೇಕೆಂದು ಸಂದೇಶ ಬಂದಿದೆ. ಕೂಸು ಇನ್ನೂ ಉತ್ತರ ಕೊಟ್ಟಿಲ್ಲ.

ಇಂಥ ವಿಧೇಯತೆಯನ್ನು ಹೇಗೆ ಹೊಗಳಲಿ? ಬರೆದದ್ದನ್ನೆಲ್ಲ ನಡೆಸಿಕೊಡುವ ತಾವು ಭೂತನಾಳದ ಕೆರೆಯನ್ನು ಕೋಡಿ ಬೀಳುವಷ್ಟು ತುಂಬಿಸಬೇಕು, ತಿಕೋಟಾ ಬಸ್ಸಿನಲ್ಲಿ ನನಗೆ ಕಾಯಂ ಒಂದು ಕಿಟಕಿ ಸೀಟು ಕೊಡಿಸಬೇಕು.

ಆದರೆ ಎಲ್ಲರೂ ಹಿರಿಯರಾದ ಮೇಲೆ ಅಜ್ಜಿಯ ಸರದಿ ಇನ್ನೂರ ಎಂಬತ್ತನೆಯದಾಗಿದೆ. ಶುಕ್ರವಾರ ನೋಡುವುದು ಅರವತ್ತು ಜನರನ್ನಷ್ಟೇ. “ನನ್ನ ವಯಸ್ಸು ಊರಿಗೆಲ್ಲಾ ಹಂಚಿ ಬಂದಿ ಏನ ಬೇ?” ಎಂದು ಆಕೆ ನನ್ನನ್ನೇ ಕೇಳುತ್ತಾಳೆ.

ಆದ್ದರಿಂದ ಜನ ಚೌಕದಲ್ಲಿ ಬರೆದದ್ದು ಬರೀ ಬರಹವಾಗಿಯೇ ಇರಲಿ, ತಮಗೆ ಬಂದ ಅಪ್ಪಣೆಯೊಳಗೆ ಅದನ್ನು ಕಲಸಬೇಡಿ. ವಯಸ್ಸಿನ ಚೌಕಕ್ಕೆ ಅಂಕಿಯಲ್ಲದ್ದು ಏನು ಬಂದರೂ ಬಾಗಿಲಲ್ಲೇ ತಡೆದು ಕೇಳಿ. ಹಳೆಯ ಪಟ್ಟಿಯ ನಕಲು ತಮ್ಮಲ್ಲಿದ್ದರೆ ಶುಕ್ರವಾರದೊಳಗೆ ಎಲ್ಲರ ವಯಸ್ಸನ್ನೂ ಹಿಂದಿರುಗಿಸಿ, ಎಪ್ಪತ್ನಾಲ್ಕನ್ನು ಅಜ್ಜಿಯೊಬ್ಬಳಿಗೇ ಬಿಟ್ಟುಕೊಡಿ.

ಮೊಬೈಲಿನಲ್ಲಿ ಗೆರೆ ಎಳೆಯಲು ಈಗ ಹೆದರುವ
ತಮ್ಮ ವಿಶ್ವಾಸಿ,
ಸಮ್ರೀನ

ತಾ.ಕ.: ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. “ನನ್ನ ಕಣ್ಣು ಒಮ್ಮೆ ಆಗ್ಲಿ, ಆಮ್ಯಾಲ ಆ ಮಷೀನಿನ ಕಣ್ಣು ನಾನ ನೋಡ್ತೀನಿ” ಎಂದಿದ್ದಾಳೆ. ಶಿಬಿರದಲ್ಲಿ ತಮ್ಮ ಸರದಿ ಎಷ್ಟನೆಯದೆಂದು ದಯವಿಟ್ಟು ತಿಳಿಸಿ.