ಲ್ಯಾಟಿನ್ ಪದ್ಧತಿಯಲ್ಲಿ ಗೊಂಬೆ ಇಳಿಸಿದ್ದು

ಊರೂರು ವರ್ಗವಾಗುವ ವಿಮಾ ನೌಕರನ ಮನೆಯಲ್ಲಿ ಮರದ ಮೆಟ್ಟಿಲು ಎಲ್ಲಿಂದ ಬರಬೇಕು? ಮಣಿನಗರದ ನಮ್ಮ ಫ್ಲ್ಯಾಟಿನಲ್ಲಿ ನವರಾತ್ರಿಯ ಗೊಂಬೆಗಳು ಕೂರುವುದು ಪೇರಿಸಿದ ಟ್ರಂಕುಗಳ ಮೇಲೆ. ಒಳಗಿನ ಬಟ್ಟೆಗೆ ಹಬ್ಬ ಮುಗಿಯುವವರೆಗೆ ಸೆರೆವಾಸ. (ಹಿಂದಿನ ವರ್ಷ ನನ್ನ ಪ್ಯಾಂಟುಗಳು ಒಳಗಾಗಿದ್ದವು. ಆಫೀಸಿನಲ್ಲಿ ಇನ್ನೂ ನಗುತ್ತಾರೆ.)

೧೯೯೬ರಲ್ಲಿ ಸಿಕ್ಕಿಬಿದ್ದದ್ದು ಮಗಳು ಮನಸ್ವಿನಿಯ ಚಣಿಯಾ-ಚೋಳಿ, ಗರ್ಬಾದ ಸುತ್ತುಕುಣಿತಕ್ಕೆ ತೊಡುವ ಲಂಗ-ರವಿಕೆ.

"ಅಪ್ಪಾ, ಇವತ್ತು ಫಸ್ಟ್ ಟೈಮ್ ನನ್ನ ಫ್ರಂಟಲ್ಲಿ ನಿಲ್ಲಿಸ್ತಿದಾರೆ! ಜೀನ್ಸಲ್ಲಿ ಹೋದ್ರೆ ಲೈನಿಂದ ನಿಕಾಲ್ ಮಾಡ್ತಾರೆ!"

"ಕೂರಿಸಿದ ಗೊಂಬೆ ಮಧ್ಯದಲ್ಲಿ ಕದಲಿಸಿದ್ರೆ ಹಬ್ಬಾನೇ ಡೆಸ್ಟ್ರಾಯ್ ಮಾಡಿದ ಹಾಗೆ," ಎಂದಳು ಹೆಂಡತಿ ಗಿರಿಜಾ.

ನನ್ನ ಕಿವಿ ನೆಟ್ಟಗಾಯಿತು. ನನಗೆ ನಿಘಂಟು ಓದುವ ಚಟ.

"'ಡೆಸ್ಟ್ರಾಯ್' ಪದದ ಮೂಲ ಲ್ಯಾಟಿನ್ ಕಣೇ. 'ಸ್ತ್ರುಎರೆ' ಅಂದ್ರೆ ಒಂದರ ಮೇಲೊಂದು ಪೇರಿಸೋದು. 'ಡೆ' ಅಂದ್ರೆ ಕೆಳಕ್ಕೆ. ಪೇರಿಸಿದ್ದನ್ನ ಇಳಿಸೋದು, ಅಷ್ಟೇ. ನಾಶ ಎಲ್ಲಿ ಬಂತು?"

"ಲ್ಯಾಟಿನ್ನೋರು ಗೊಂಬೆ ಕೂರಿಸ್ತಿದ್ರೇನ್ರೀ?" ಎಂದು ಕೇಳಿ, ಗಿರಿಜಾ ನೆರೆಯವರನ್ನು ಆರತಿಗೆ ಕರೆಯಲು ಹೊರಟಳು.

ಬಾಗಿಲು ಮುಚ್ಚಿದೊಡನೆ ರೋಮನ್ ಕಾರ್ಯಾಚರಣೆ ಆರಂಭವಾಯಿತು. ಮಗಳು ಒಂದೊಂದೇ ಗೊಂಬೆ ದಾಟಿಸಿದಳು. ನಾನು ಹಜಾರದ ನಡುವೆ ನಿಂತು, ಇಳಿಸಿದ ಕ್ರಮ ತಪ್ಪದಂತೆ ಸುತ್ತಲೂ ಜೋಡಿಸುತ್ತ ಹೋದೆ. ಒಳಸುತ್ತಿನಲ್ಲಿ ರಾಜ-ರಾಣಿಯ ಪರಿವಾರ, ಆಚೆ ದಶಾವತಾರ, ಅದರಾಚೆ ಸೆಟ್ಟಿ ದಂಪತಿ ಮತ್ತು ಅವರ ದಿನಸಿ ಅಂಗಡಿ. ತಳದ ಟ್ರಂಕು ತೆರೆದೇ ತೆರೆಯಿತು. ಮನಸ್ವಿನಿ ಬಟ್ಟೆಯನ್ನು ಎದೆಗವಚಿಕೊಂಡು ಕೋಣೆಗೆ ಓಡಿದಳು. ಒಂದು ಗೊಂಬೆಯ ಮೂಗೂ ಮುಕ್ಕಾಗಿರಲಿಲ್ಲ. ನಿಘಂಟು ಗೆದ್ದಿತ್ತು.

ಆಗ ನೋಡಿಕೊಂಡೆ. ಮತ್ಸ್ಯ ಕೂರ್ಮಾದಿಗಳನ್ನು ದಾಟದೆ ನಾನು ಹೊರಗೆ ಬರುವಂತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮುಂದೆ ಗಿರಿಜಾ, ಹಿಂದೆ ನೆರೆಯ ಹೆಂಗಸರ ದಂಡು. ಅವಳು ನನ್ನನ್ನು ನೋಡಿ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ರಜನಿಬೆನ್ ಕೂಗಿದರು:

"ಅರೆ ವಾಹ್! ಗುಡಿಯಾ ಕಾ ಗರ್ಬಾ! ಬಹು ಸರಸ್, ಗಿರಿಜಾಬೆನ್!"

ಗೊಂಬೆಗಳೇ ಗರ್ಬಾ ಆಡುತ್ತಿವೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

"ಹಾಂ, ಇಸ್ ಸಾಲ್ ಮೈನೇ ಕುಛ್ ನಯಾ ಸೋಚಾ," ಎಂದು ಈ ವರ್ಷದ ಹೊಸ ಯೋಚನೆ ತನ್ನದೆಂದಳು ನನ್ನ ಹೆಂಡತಿ, ರೆಪ್ಪೆ ಮಿಟುಕಿಸದೆ.

ಗರ್ಬಾ ಎಂದಮೇಲೆ ನಡುವೆ ದೀಪ ಬೇಕಲ್ಲ! ರಜನಿಬೆನ್ ಹಣತೆ ಹಚ್ಚಿ, ದಶಾವತಾರದ ಮೇಲಿಂದ ಬಾಗಿ ನನ್ನ ಅಂಗೈಯಲ್ಲಿಟ್ಟರು. ಕನ್ನಡಿಚೂರಿನ ಲಂಗ ಮಿಂಚಿಸುತ್ತ ಮನಸ್ವಿನಿ ಬಂದು ಮೊದಲ ಹೆಜ್ಜೆ ಹಾಕಿದಳು. ಈ ಊರಿಗೆ ಬಂದಾಗಿನಿಂದ ಗರ್ಬಾವನ್ನು ಕಿಟಕಿಯಿಂದಷ್ಟೇ ನೋಡಿದ್ದ ಗಿರಿಜಾ, ಸೆರಗು ಸಿಕ್ಕಿಸಿ ಮಗಳ ಹಿಂದೆ ಸುತ್ತತೊಡಗಿದಳು.

ನನ್ನೆದುರು ಹಾಯುವಾಗ ನಗುನಗುತ್ತಲೇ ಪಿಸುಗುಟ್ಟಿದಳು: "ನೆಟ್ಟಗೆ ನಿಂತ್ಕೊಳ್ರೀ, ದೀಪ ಆರೀತು. ಎದುರು ಬಿಲ್ಡಿಂಗಿನವರೂ ಇನ್ನೇನು ಬರ್ತಾರೆ."