ಇಬ್ಬರ ಪಾಲಿನ ಕಾರ್ಡು

ಗುಟ್ಟು ಇಟ್ಟುಕೊಳ್ಳಲಾಗದವರಿಗೆ ಬ್ಯಾಂಕಿನವರು ಕಾರ್ಡು ಕೊಡಬಾರದು ಎಂಬುದು ನನ್ನ ಮಗಳ ಅಭಿಪ್ರಾಯ. ಕಳೆದ ತಿಂಗಳು ನನಗೊಂದು ಪ್ಲಾಸ್ಟಿಕ್ ಕಾರ್ಡು ಮಾಡಿಸಿಕೊಟ್ಟು, ಅದರ ನಾಲ್ಕು ಅಂಕಿಗಳನ್ನು ಕಿವಿಯಲ್ಲಿ ಉಸುರಿ, "ಬಾಬಾ, ಕುಣಾಲಾ ಸಾಂಗೂ ನಕಾ, ಯಾರಿಗೂ ಹೇಳಬ್ಯಾಡ್ರಿ" ಎಂದು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಎಚ್ಚರಿಸಿದಳು. ನಾಸಿಕದಲ್ಲೇ ಹುಟ್ಟಿ ಬೆಳೆದವಳು, ಮುಖ್ಯವಾದದ್ದು ಮೊದಲು ಮರಾಠಿಯಲ್ಲೇ ಬರುತ್ತದೆ. ನಾನು ತಲೆಯಾಡಿಸಿದೆ. ಗುಟ್ಟು ಕಾಯುವ ಕೆಲಸದಲ್ಲಿ ಅವಳಪ್ಪನಿಗೆ ಐವತ್ತು ವರ್ಷದ ಸರ್ವೀಸ್ ಆಗಿದೆ ಎಂಬುದು ಅವಳಿಗೆ ತಿಳಿಯದು. ಆ ಗುಟ್ಟೂ ಒಂದು ಕಾರ್ಡಿನದೇ. ಅದನ್ನು ಯಾರಿಗೆ ಹೇಳಬೇಕಿತ್ತೋ ಅವಳು, ನನ್ನ ಹೆಂಡತಿ ಮಹಾದೇವಿ, ಈಗ ಇಲ್ಲ. ಹೀಗಾಗಿ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ನಾನು ಬೀದರ ಕಡೆಯ ಮನುಷ್ಯ. ಮೆಟ್ರಿಕ್ ಮುಗಿಸಿ, ನಾಸಿಕದ ಸಾತಪುರದಲ್ಲಿ ಆಗತಾನೇ ಏಳುತ್ತಿದ್ದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಟರ್ನರ್ ಆದೆ. ಎಪ್ಪತ್ತರ ದಶಕದ ಆರಂಭದಲ್ಲಿ ಕಂಪನಿಗೆ ಜರ್ಮನಿಯಿಂದ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದನ್ನು ಕಲಿತು ಬರ್ರಿ ಎಂದು ಮೂರು ತಿಂಗಳಿಗೆ ನನ್ನನ್ನೂ ಇನ್ನಿಬ್ಬರನ್ನೂ ಕಳಿಸಿದರು. ಅಲ್ಲಿಯವರೆಗೆ ಬೀದರ, ನಾಸಿಕ ಬಿಟ್ಟರೆ ನಾನು ಕಂಡ ಊರೆಂದರೆ ಔರಂಗಾಬಾದ್ ಒಂದೇ, ಈಗಿನ ಛತ್ರಪತಿ ಸಂಭಾಜಿನಗರ. ಅಲ್ಲಿ ಮಹಾದೇವಿಯ ಅಣ್ಣನ ಬಟ್ಟೆ ಅಂಗಡಿ ಇತ್ತು. ನಾನು ಪರದೇಶಕ್ಕೆ ಹೊರಟ ಸುದ್ದಿ ಕೇಳಿದ್ದೇ ತಡ, ಈ ಭಾವಮೈದ ತನಗೊಂದು ಕೈಗಡಿಯಾರ, ಹೆಂಡತಿಗೊಂದು ಸ್ವೆಟರ್, ಅಂಗಡಿಗೊಂದು ಕತ್ತರಿ ಎಂದು ಯಾದಿ ಬರೆದು ಕಳಿಸಿದ. ನಿನಗೇನು ಬೇಕು ಎಂದು ಮಹಾದೇವಿಯನ್ನು ಕೇಳಿದೆ. "ನೀವು ಬರ್ರಿ, ಅಷ್ಟ ಸಾಕು" ಅಂದಳು.

ಪರದೇಶದಲ್ಲಿ ರೊಕ್ಕ ಕೊಟ್ಟು ಸಾಮಾನು ಕೊಳ್ಳುವುದೂ ಒಂದು ವಿದ್ಯೆ. ಶುಕ್ರವಾರಕ್ಕೊಮ್ಮೆ ಕಂಪನಿಯವರು ಕಂದು ಲಕೋಟೆಯಲ್ಲಿ ಕೈಖರ್ಚಿಗೆ ಅಲ್ಲಿಯ ರೊಕ್ಕ, ಮಾರ್ಕುಗಳನ್ನು ಕೊಡುತ್ತಿದ್ದರು. ಯಾವ ನಾಣ್ಯಕ್ಕೆ ಎಷ್ಟು ಬೆಲೆಯೆಂದು ನನ್ನ ತಲೆಗೆ ಕೊನೆಯವರೆಗೂ ಹತ್ತಲಿಲ್ಲ. ಬ್ರೆಡ್ಡಿನಂಗಡಿಗೆ ಹೋಗಿ, ಅಂಗೈ ತುಂಬ ನಾಣ್ಯ ಹರವಿ, ತೀರ್ಥಕ್ಕೆ ಒಡ್ಡಿದಂತೆ ಕೈ ಚಾಚುತ್ತಿದ್ದೆ. ಅಂಗಡಿಯ ದಪ್ಪ ಹೆಂಗಸು ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ತನಗೆ ಬೇಕಾದದ್ದನ್ನು ಆರಿಸಿಕೊಂಡು, ಉಳಿದದ್ದನ್ನು ನನ್ನ ಬೆರಳು ಮಡಚಿ ಮುಚ್ಚಿಸಿ ಕಳಿಸುತ್ತಿದ್ದಳು. ಬಂದ ಮೇಲೆ ಕೋಣೆಯಲ್ಲಿ ಕೂತು ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ತಿಂದ ಬ್ರೆಡ್ಡು ಗಂಟಲಲ್ಲೇ ನಿಲ್ಲುತ್ತಿತ್ತು.

ಆದರೆ ಉಪವಾಸವಿದ್ದೆ ಎಂದರೆ ಅದು ಸುಳ್ಳು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೇಯಿಸಿದ ಆಲೂಗಡ್ಡೆ, ಸಂಜೆಗೆ ಬ್ರೆಡ್ಡು, ಬೆಣ್ಣೆ, ಹಾಲು. ಹೊಟ್ಟೆ ತುಂಬಿಯೂ ಲಕೋಟೆಯಲ್ಲಿ ಉಳಿಯುತ್ತಿತ್ತು. ಉಳಿಸುತ್ತಿದ್ದದ್ದು ಭಾವಮೈದನ ಗಡಿಯಾರಕ್ಕಲ್ಲ. ಕಾರ್ಖಾನೆಯ ದಾರಿಯ ಅಂಗಡಿಯೊಂದರ ಗಾಜಿನೊಳಗೆ ಕರೆಂಟಿನ ಮೇಲೆ ಗಡ್ಡ ಹೆರೆಯುವ ಯಂತ್ರವೊಂದು ನೀಲಿ ಮಖಮಲ್ಲಿನ ಮೇಲೆ ಮಲಗಿತ್ತು. ದಿನಾ ಹೋಗುವಾಗ ಬರುವಾಗ ಅದರ ಮುಂದೆ ನಿಲ್ಲುತ್ತಿದ್ದೆ. ಲಗ್ನಕ್ಕೆ ಮುಂಚೆ ಮಹಾದೇವಿಯ ಮನೆಯ ಮುಂದೂ ನಾನು ಅಷ್ಟು ಸಲ ಅಡ್ಡಾಡಿರಲಿಲ್ಲ.

ಒಂದು ಶನಿವಾರ ನಮಗೆ ಕಲಿಸುವ ಸಾಹೇಬರು ಹೊಟೇಲಿಗೆ ಕರೆದುಕೊಂಡು ಹೋದರು. ಉಂಡ ಮೇಲೆ ಅವರು ರೊಕ್ಕ ತೆಗೆಯಲಿಲ್ಲ. ಜೇಬಿನಿಂದ ಗಟ್ಟಿಯಾದ ಪುಟ್ಟ ಕಾರ್ಡೊಂದನ್ನು ತೆಗೆದುಕೊಟ್ಟರು. ಹೊಟೇಲಿನವನು ಅದನ್ನು ಕಬ್ಬಿಣದ ತಗಡಿನ ಮೇಲಿಟ್ಟು, ಮೇಲೊಂದು ಕಾಗದ ಹಾಕಿ, ಇಸ್ತ್ರಿ ಎಳೆದಂತೆ ಏನೋ ಎಳೆದ. ಸಾಹೇಬರು ಸಹಿ ಮಾಡಿದರು, ಎಲ್ಲರೂ ಎದ್ದೆವು. ಊಟಕ್ಕೆ ಇಸ್ತ್ರಿ ಮಾಡುವ ಈ ಪದ್ಧತಿಯನ್ನು ಯಾರಿಗಾದರೂ ಹೇಳದಿದ್ದರೆ ನನಗೆ ನಿದ್ದೆ ಬರುವಂತಿರಲಿಲ್ಲ. ಮನೆಗೆ ಪತ್ರ ಬರೆದೆ. ನನ್ನ ಪತ್ರಗಳನ್ನು ಮಹಾದೇವಿ ತಪ್ಪದೆ ಅಣ್ಣನಿಗೂ ಕಳಿಸಿ ಓದಿಸುತ್ತಾಳೆ ಎಂಬುದು ನೆನಪಾಗಿ, ಗಡಿಯಾರದ ಆಸೆ ಅಲ್ಲಿಗೇ ಸಾಯಲಿ ಎಂದು ಒಂದಿಷ್ಟು ಬಡತನವನ್ನೂ ಬೆರೆಸಿದೆ. "ಇಲ್ಲಿ ಕಾರ್ಡು ಇದ್ದವರಿಗೆ ರೊಕ್ಕವೇ ಬೇಕಾಗಿಲ್ಲ. ಕಾರ್ಡು ತೋರಿಸಿದರೆ ಹೊಟ್ಟೆ ತುಂಬ ಊಟ. ನನ್ನ ಹತ್ತಿರ ಕಾರ್ಡು ಇಲ್ಲ. ಬ್ರೆಡ್ಡು ತಿಂದು ನೀರು ಕುಡಿದು ಮಲಗುತ್ತೇನೆ."

ಆ ಕಾಲದಲ್ಲಿ ನಮ್ಮಂಥವರ ಮನೆಗಳಲ್ಲಿ ಕಾರ್ಡು ಎಂದರೆ ಎರಡೇ ಇದ್ದವು. ಟಪಾಲಿನ ಕಾರ್ಡು ಒಂದು, ರೇಷನ್ ಕಾರ್ಡು ಇನ್ನೊಂದು. ತೋರಿಸಿದರೆ ಊಟ ಸಿಗುವ ಕಾರ್ಡು ಯಾವುದೆಂದು ಮಹಾದೇವಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೂರು ವಾರದ ಮೇಲೆ ರಿಜಿಸ್ಟರ್ ಲಕೋಟೆ ಬಂತು. ಒಳಗೆ ಎಣ್ಣೆಯ ಕಲೆಯ ನಮ್ಮ ರೇಷನ್ ಕಾರ್ಡು. ಜೊತೆಗೆ ನಾಲ್ಕನೇ ಇಯತ್ತೆ ಓದಿದವಳ ದುಂಡು ಅಕ್ಷರದ ಚೀಟಿ: "ಕಾರ್ಡು ಇಲ್ಲೇ ಬಿಟ್ಟು ಹೋಗೀರಿ. ಮೊದಲ ಯಾಕ ಹೇಳಲಿಲ್ಲ. ಕಳಿಸೀನಿ. ಇಬ್ಬರ ಪಾಲೂ ನೀವ ತಗೋರಿ. ನನಗ ಇಲ್ಲಿ ನಡೀತದ."

ನಾನು ನಕ್ಕೆ. ನನ್ನ ಸಂಗಡ ಬಂದಿದ್ದವರಿಗೆ ತೋರಿಸಿ ನಗಿಸಿದೆ. ಸಾಹೇಬರಿಗೂ ಹರಕು ಇಂಗ್ಲಿಷಿನಲ್ಲಿ ವಿವರಿಸಿ ನಗಿಸಿದೆ. ಆಮೇಲೆ, ಇದನ್ನು ಕೂಡಲೇ ವಾಪಸು ಕಳಿಸಬೇಕಲ್ಲ ಎಂದು ಟಪಾಲು ಕಚೇರಿಗೆ ಹೋಗಿ ರಿಜಿಸ್ಟರಿಗೆ ಎಷ್ಟೆಂದು ಕೇಳಿದೆ. ಅಂಗೈ ಚಾಚಿದೆ. ಅಲ್ಲಿಯವನು ನಾಣ್ಯ ಆರಿಸಲು ಬೆರಳು ಮುಂದೆ ತಂದ. ನಾನು ಮುಷ್ಟಿ ಮುಚ್ಚಿಬಿಟ್ಟೆ. ಅದನ್ನು ಕೊಟ್ಟರೆ ನೀಲಿ ಮಖಮಲ್ಲಿನ ಯಂತ್ರಕ್ಕೆ ಕಡಿಮೆ ಬೀಳುತ್ತಿತ್ತು. ಇನ್ನು ಐದು ವಾರ ತಾನೆ, ಕೈಯಲ್ಲೇ ಒಯ್ದರಾಯಿತು, ನಡೀತದ ಎಂದು ಅವಳೇ ಬರೆದಿದ್ದಾಳಲ್ಲ ಎಂದುಕೊಂಡು ಹೊರಬಿದ್ದೆ. ನನ್ನ ಗುಟ್ಟು ಇಷ್ಟೇ. ಒಂದು ಮುಷ್ಟಿಯೊಳಗೆ ಹಿಡಿಸುವಂಥದ್ದು.

ನಾಸಿಕಕ್ಕೆ ಬಂದಾಗ ಮನೆಗೆ ಬೀಗ. ಪಕ್ಕದ ಮನೆಯ ಮರಾಠಿ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾರ್ಡಿಲ್ಲದೆ ರೇಷನ್ ಸೊಸೈಟಿಯವರು ಜೋಳ, ಸಕ್ಕರೆ, ಚಿಮಣಿ ಎಣ್ಣೆ ಯಾವುದನ್ನೂ ಕೊಡಲಿಲ್ಲವೆಂದೂ, ಆ ವರ್ಷ ಮಳೆಯಿಲ್ಲದೆ ಪೇಟೆಯ ಜೋಳಕ್ಕೆ ಕೈ ಹಚ್ಚುವಂತಿರಲಿಲ್ಲವೆಂದೂ, ಕೆಲ ದಿನ ಹೇಗೋ ಕಳೆದು ಕೊನೆಗೆ ಅಣ್ಣನ ಮನೆಗೆ ಹೋದಳೆಂದೂ ಹೇಳಿದಳು. ರಿಜಿಸ್ಟರ್ ಖರ್ಚಿಗೆ ಹಿಟ್ಟಿನ ಡಬ್ಬಿಯೊಳಗಿನ ರೊಕ್ಕವೆಲ್ಲ ಹೋಗಿತ್ತಂತೆ. ಲಗ್ನವಾದಾಗಿನಿಂದ ಅಣ್ಣನ ಮುಂದೆ ಒಂದು ಸೇರು ಅಕ್ಕಿಗೂ ಬಾಯಿ ತೆರೆಯದ ಹೆಣ್ಣು ಅದು.

ಪೆಟ್ಟಿಗೆ ಸಮೇತ ಎಸ್‌ಟಿ ಬಸ್ಸು ಹತ್ತಿ ಔರಂಗಾಬಾದಿಗೆ ಹೋದೆ. ಭಾವಮೈದ ಅಂಗಡಿಯ ಗಾದಿಯ ಮೇಲಿಂದಲೇ ಸ್ವಾಗತಿಸಿದ. "ಬರ್ರಿ ಫಾರಿನ್ ಸಾಹೇಬರ. ಜರ್ಮನಿಯೊಳಗ ರೇಷನ್ ಛಲೋ ಸಿಗ್ತದೇನ್ರಿ? ನಮ್ಮ ತಂಗಿ ಪಾಲಿಂದೂ ಉಂಡ ಬಂದೀರಂತ." ಗಿರಾಕಿಗಳು ನಕ್ಕರು. ನಾನೂ ನಕ್ಕು, ಕಾರ್ಡಿನ ಕತೆಗೆ ಉಪ್ಪುಖಾರ ಹಚ್ಚಿ ಹೇಳಿದೆ. ಅಂಗಡಿಯ ಹಿಂದಿನ ಮನೆಯ ಬಾಗಿಲ ಮರೆಯಲ್ಲಿ ಮಹಾದೇವಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಗುತ್ತಿದ್ದಾಳೆ ಎಂದೇ ನಾನು ತಿಳಿದೆ.

ಮರುದಿನ ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದಳು. "ಕಾರ್ಡು ಲಗೂನ ಯಾಕ ವಾಪಸ್ ಕಳಸಲಿಲ್ರಿ?"

"ಟಪಾಲಿಗಿ ರೊಕ್ಕ ಇರಲಿಲ್ಲ."

"ಅಷ್ಟೂ ಇರಲಿಲ್ಲೇನ್ರಿ?" ಎಂದು ನನ್ನ ಮುಖ ನೋಡಿದಳು. ಆ ಬೆಳಿಗ್ಗೆ ಮನೆಯವರು ಏಳುವ ಮೊದಲೇ ಹೊಸ ಯಂತ್ರ ನನ್ನ ಗಡ್ಡವನ್ನು ಬುಡಸಮೇತ ಹೆರೆದಿತ್ತು, ಕೆನ್ನೆ ತೊಳೆದಿಟ್ಟ ತಾಟಿನಂತಿತ್ತು. ಅವಳು ಜನರಿದ್ದಾರೆಂಬುದನ್ನೂ ಮರೆತು ಅದನ್ನು ಮುಟ್ಟಿ, "ಎಷ್ಟ ಸೊರಗೀರಿ" ಅಂದಳು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ, ಯಂತ್ರವನ್ನು ಕಂಪನಿಯವರು ಮೆಚ್ಚಿ ಕೊಟ್ಟರು ಎಂದೆ. ಅವಳು ಓಣಿಯವರಿಗೆಲ್ಲ ಅದನ್ನು ತೋರಿಸಿ ಬಂದಳು. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ನನ್ನ ಸ್ಪ್ಯಾನರು, ಅಳತೆಪಟ್ಟಿಗಳ ಸಾಲಿನಲ್ಲಿ ಅದನ್ನೂ ಇಟ್ಟು ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು. ಎರಡೇ ವರ್ಷಕ್ಕೆ ಅದು ಕೆಟ್ಟಿತು, ಪೂಜೆ ಮಾತ್ರ ನಿಲ್ಲಲಿಲ್ಲ. ಇತ್ತ ನಾನು ಲಗ್ನ, ತೊಟ್ಟಿಲು, ಗೃಹಪ್ರವೇಶ ಎಂದು ನಾಲ್ಕು ಜನ ಸೇರಿದಲ್ಲೆಲ್ಲ ರೇಷನ್ ಕಾರ್ಡಿನ ಕತೆ ಹೇಳಿ ನಗಿಸಿದೆ. ಎಲ್ಲಾದರೂ ತಡವರಿಸಿದರೆ ಅವಳೇ ಪಕ್ಕದಿಂದ ಎತ್ತಿಕೊಡುತ್ತಿದ್ದಳು. ಇಬ್ಬರ ಪಾಲಿನ ಮಾತು ಬಂದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು, ಚಹಾ ಮಾಡಲಿಕ್ಕೆ.

ಮಗಳು ಹೇಳಿದ ನಾಲ್ಕು ಅಂಕಿಗಳು ನನಗೆ ನೆನಪುಳಿಯಲಿಲ್ಲ. ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಂಡೆ. ಆ ಹಳೆಯ ರೇಷನ್ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನೇ ಇಟ್ಟಿದ್ದೇನೆ. ನೋಡಿ, ಐವತ್ತು ವರ್ಷದ ಗುಟ್ಟು ಬಿಟ್ಟುಕೊಡಲು ಕೂತವನು ತಿಂಗಳ ಗುಟ್ಟನ್ನೂ ಬಿಟ್ಟುಕೊಟ್ಟೆ, ಮಗಳು ಬೈಯುತ್ತಾಳೆ. ಔಷಧಿ ಅಂಗಡಿಯಲ್ಲಿ ಆ ಅಂಕಿ ಒತ್ತಿದಾಗಲೆಲ್ಲ ಯಂತ್ರ ಪುಟ್ಟ ಚೀಟಿಯೊಂದನ್ನು ಹೊರಹಾಕುತ್ತದೆ. ದುಂಡು ಅಕ್ಷರವೇನಾದರೂ ಇದೆಯೇ ಎಂದು ಒಮ್ಮೆ ನೋಡಿಯೇ ಜೇಬಿಗಿಡುತ್ತೇನೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತರೆ, ಹಲ್ಲು ಹೋದ ಮೇಲೆ ಕೆನ್ನೆಗಳು ಒಳಕ್ಕೆ ಇಳಿದುಹೋಗಿವೆ. ಈಗ ನಾನು ಸೊರಗಿರುವುದು ನಿಜ. ನಂಬುವವಳೇ ಇಲ್ಲ.