ಸದ್ದಿಲ್ಲದ ಹೋಟೆಲಿನಲ್ಲಿ ನಮ್ಮ ಅತ್ತೆ

ನಮ್ಮ ಸೋದರತ್ತೆ ಜೀವಮಾನದಲ್ಲಿ ಎಂದೂ ಸೋತವರಲ್ಲ. ಹಾಗೆಂದರೆ ಯಾವಾಗಲೂ ಗೆದ್ದರು ಎಂದಲ್ಲ. ಸೋತದ್ದನ್ನು ಒಪ್ಪಿಕೊಂಡವರಲ್ಲ, ಅಷ್ಟೇ. ಒಮ್ಮೆ ಬೀದರಿನ ಸಂತೆಯ ನಡುವೆ ಜಾರಿ ಬಿದ್ದರು. ಎತ್ತಲು ಓಡಿ ಬಂದವರಿಗೆ, "ಯಾಕ ಓಡಿ ಬರ್ತೀರಿ? ಕೂತು ಬದನಿಕಾಯಿ ಆರಸ್ಲಿಕತ್ತೀನಿ" ಎಂದರು. ಬದನೆಕಾಯಿ ಮಾರುವವಳು ಅಲ್ಲಿಂದ ನಾಲ್ಕು ಅಂಗಡಿ ಆಚೆಗಿದ್ದಳು.

ಹೆತ್ತವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು ಇವರೇ. ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ್ದರು, ಅದೂ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಭಾಲ್ಕಿಯಿಂದ ಬರುವ ನೆಂಟರೊಡನೆ ಮರಾಠಿ. ಯಾವುದು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ಅವರು ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕೆಡಿಸಿಕೊಳ್ಳುವ ಕಾಲ ಬಂತು. ಬೆಂಗಳೂರಿಗೆ ಹೋಗಿ ಅಧಿಕಾರಿಗಳ ಮುಂದೆ ಕನ್ನಡದಲ್ಲಿ ಒಂದು ಪಾಠ ಮಾಡಿ ತೋರಿಸಬೇಕೆಂದು ಕಾಗದ ಬಂತು. ತೋರಿಸಲಾಗದವರು ತರಗತಿ ಬಿಟ್ಟು ಶಾಲೆಯ ಉಗ್ರಾಣ ನೋಡಿಕೊಳ್ಳಬೇಕಂತೆ.

"ಕನ್ನಡಾ ನನಗ ತೊಟ್ಟಿಲದಾಗಿಂದ ಬರ್ತದ" ಎಂದು ಅತ್ತೆ ಕಾಗದ ಮಡಚಿಟ್ಟರು. ಆದರೆ ಅಂದಿನಿಂದ ಹಿಟ್ಟು ನಾದುವಾಗಲೂ ಪಾಠ ಹೇಳಿಕೊಳ್ಳತೊಡಗಿದರು. ಒಂದು ಸಂಜೆ ನನ್ನನ್ನು ಕರೆದು, "ಉಗ್ರಾಣದಾಗ ಮಕ್ಕಳು ಬರ್ತಾರೇನು?" ಎಂದು ಕೇಳಿದರು. ನಾನು ಇಲ್ಲವೆಂದೆ.

ಆಗಷ್ಟೇ ಮೆಟ್ರಿಕ್ ಮುಗಿಸಿದ್ದ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು. ನಾವು ಬೆಂಗಳೂರು ಮುಟ್ಟುವಷ್ಟರಲ್ಲಿ ಶಿಕ್ಷಕಿಯರಿಗೆಂದು ಗೊತ್ತುಮಾಡಿದ್ದ ಹಾಸ್ಟೆಲಿನಲ್ಲಿ ಜಾಗ ಮುಗಿದಿತ್ತು. ಏರ್ಪಾಡು ನೋಡಿಕೊಳ್ಳುತ್ತಿದ್ದವರು ನಮ್ಮಿಬ್ಬರನ್ನು ತಮ್ಮ ಪರಿಚಯದ ದೊಡ್ಡ ಹೋಟೆಲೊಂದಕ್ಕೆ ಕಳಿಸಿಕೊಟ್ಟರು.

ಎಂಥ ಹೋಟೆಲು ಅಂತೀರಿ! ಹೊರಗೆ ಬಸ್ಸು, ಜಟಕಾ, ಸೈಕಲ್ ಗಂಟೆಗಳ ಗದ್ದಲ. ಬಾಗಿಲು ದಾಟಿದರೆ ಒಳಗೆ ಗಡಿಯಾರದ ಟಿಕ್ ಟಿಕ್ ಬಿಟ್ಟು ಬೇರೆ ಸಪ್ಪಳವಿಲ್ಲ. ಹಾಸಿದ ರತ್ನಗಂಬಳಿ ಹೆಜ್ಜೆಯ ಸದ್ದನ್ನೂ ನುಂಗುತ್ತಿತ್ತು. ಎಲ್ಲರೂ ಪಿಸುಗುಟ್ಟುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು, ಸೆರಗು ತಲೆಗೆಳೆದುಕೊಂಡು, ಮ್ಯಾನೇಜರರ ಹತ್ತಿರ ಹೋಗಿ ಕನಿಕರದಿಂದ ಕೇಳಿದರು: "ಯಾರು ತೀರಿಕೊಂಡಾರ್ರಿ?"

ಮ್ಯಾನೇಜರು ಬೆಚ್ಚಿ, "ಯಾರೂ ಇಲ್ಲಮ್ಮ. ಇಲ್ಲಿಗೆ ಬರೋರು ಶಾಂತಿ ಬೇಕು ಅಂತಲೇ ಬರೋದು" ಎಂದರು.

"ಪಾಪ, ಮನ್ಯಾಗ ಏನು ತ್ರಾಸ ಅದನೋ" ಎಂದರು ಅತ್ತೆ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಇನ್ನೊಂದು ಪ್ರಸಂಗ. ಅತ್ತೆ ಬುತ್ತಿ ಬಿಚ್ಚಿ ಕಟಕ ರೊಟ್ಟಿ ತೆಗೆದರು. ಒಣಗಿಸಿದ ಜೋಳದ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಮೊದಲ ರೊಟ್ಟಿ ಮುರಿದಾಗ ಕೋಣೆಯ ಅಷ್ಟೂ ತಲೆಗಳು ನಮ್ಮ ಕಡೆ ತಿರುಗಿದವು. ನಾನು ಮೇಜಿನ ಕೆಳಗೆ ಸೇರುವುದೊಂದು ಬಾಕಿ. ಅತ್ತೆ ಎರಡನೆಯದನ್ನೂ ಮುರಿದರು. ಪಕ್ಕದ ಮೇಜಿನಲ್ಲಿ ಮುತ್ತಿನ ಸರ ಹಾಕಿಕೊಂಡು ಸೂಪು ಗುಟುಕರಿಸುತ್ತಿದ್ದ ವೃದ್ಧೆಯೊಬ್ಬರು ಎದ್ದು ಬಂದು, "ಅದೇನಮ್ಮ? ನನಗೂ ಒಂದು ಚೂರು ಕೊಡ್ತೀರಾ?" ಎಂದರು. ಅತ್ತೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟರು. ಅರ್ಧ ಗಂಟೆಯಲ್ಲಿ ಮೂರು ಮೇಜುಗಳಿಂದ ಕಟಕ್ ಕಟಕ್ ಎಂದು ಕೇಳುತ್ತಿತ್ತು. ನಮ್ಮ ಬುತ್ತಿ ಖಾಲಿಯಾಗಿತ್ತು.

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಅತ್ತೆಗೆ ದೊಡ್ಡ ದನಿಯಲ್ಲಿ ಹೇಳದೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಕೋಣೆಯಲ್ಲಿ ನಿಂತು ಭಿನ್ನರಾಶಿ ಶುರು ಮಾಡಿದರು. ಹತ್ತು ನಿಮಿಷದಲ್ಲಿ ಮ್ಯಾನೇಜರು ಬಾಗಿಲಲ್ಲಿ ಹಾಜರು.

"ಸ್ವಲ್ಪ ಮೆಲ್ಲಗೆ, ಮೇಡಂ."

"ಮೆಲ್ಲಗ ಕಲಿಸಿದ್ರ ಹಿಂದಿನ ಸಾಲಿಗಿ ಹ್ಯಾಂಗ ಕೇಳಸ್ತದ್ರಿ?"

ಅವರು ಹಿಂದಿನ ಸಾಲನ್ನು ಹುಡುಕುವವರಂತೆ ಕೋಣೆಯನ್ನೆಲ್ಲ ನೋಡಿದರು. ಕೊನೆಗೆ ನಮ್ಮನ್ನು ಅಡುಗೆಮನೆಯ ಹಿಂದಿನ ಜಗಲಿಗೆ ಕರೆದೊಯ್ದು, ಇಲ್ಲಿ ಎಷ್ಟು ಬೇಕಾದರೂ ಕೂಗಬಹುದು ಎಂದರು.

ಅತ್ತೆಗೆ ಬೇಕಾದದ್ದೂ ಅದೇ. ಬಟ್ಟೆ ಒಗೆಯುವ ಹೆಂಗಸರು, ತರಕಾರಿ ಹೆಚ್ಚುವವರು, ದೊಡ್ಡ ಹೊಟ್ಟೆಯ ಮುಖ್ಯ ಅಡುಗೆಯವರು, ಎಲ್ಲರೂ ಅವರ ವಿದ್ಯಾರ್ಥಿಗಳಾದರು. ಅಡುಗೆಯವರು ಕೊಟ್ಟ ದೋಸೆಯನ್ನು ನಾಲ್ಕು ಪಾಲು ಮಾಡಿ ಮೂರನ್ನು ಎತ್ತಿ ಹಿಡಿದು, "ಇದು ಪೌಣ" ಎಂದರು.

"ನಮ್ಮಲ್ಲಿ ಮುಕ್ಕಾಲು ಅಂತಾರೆ, ಅಮ್ಮ" ಎಂದರು ಅಡುಗೆಯವರು.

"ದ್ವಾಸಿಗಿ ಕಾಲು ಎಲ್ಲಿಂದ ಬಂದ್ವು?"

ಜಗಲಿಯೆಲ್ಲ ನಕ್ಕಿತು. ಆದರೆ ಅತ್ತೆ ನಗಲಿಲ್ಲ. ಕಾಲು, ಅರೆ, ಮುಕ್ಕಾಲು ಎಂದು ಮೂರು ಸಲ ಹೇಳಿಸಿಕೊಂಡು ಕಲಿತರು. ಇಪ್ಪತ್ತು ವರ್ಷ ಕಲಿಸಿದವರು ಒಗೆಯುವ ಕಲ್ಲಿನ ಮೇಲೆ ಕೂತು ಮಗ್ಗಿ ಒಪ್ಪಿಸುವ ಹುಡುಗಿಯಂತೆ ಕಂಡರು.

ಮರುದಿನ ಪಾಠ. ಮೂವರು ಅಧಿಕಾರಿಗಳು ಸಾಲಾಗಿ ಕೂತಿದ್ದರು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಕಾಲು, ಅರೆ, ಮುಕ್ಕಾಲು ಎಲ್ಲವೂ ಸರಾಗವಾಗಿ ಬಂದವು. ಕೂಡಿಸುವ ಲೆಕ್ಕಕ್ಕೆ ಬಂದಾಗ ಮಾತ್ರ ಹಳೆಯ ನಾಲಿಗೆ ಜಾರಿ, "ಎರಡೂ ಜಮಾ ಮಾಡ್ರಿ" ಎಂದುಬಿಟ್ಟರು.

ನಡುವೆ ಕೂತಿದ್ದ ಹಿರಿಯ ಅಧಿಕಾರಿ ತಲೆ ಅಲ್ಲಾಡಿಸಿದರು. "ಸಂಕಲನ ಅನ್ನಬೇಕು. ನಿಮ್ಮ ಮಾತಲ್ಲಿ ಪರಭಾಷೆ ಜಾಸ್ತಿ."

ಅತ್ತೆ ಸೀಮೆಸುಣ್ಣ ಕೆಳಗಿಟ್ಟರು.

"ಸಾಹೇಬ್ರ, ಈ ಜಾಸ್ತಿ ಯಾವ ಭಾಷಾ ರಿ?"

ಅಧಿಕಾರಿ ಮೇಜಿನ ಮೇಲಿದ್ದ ಕಾಗದವನ್ನು ಕೈಗೆತ್ತಿಕೊಂಡರು.

"ನೀವು ಕೂತಿದ್ದು ಕುರ್ಚಿ. ಮುಂದಿರೋದು ಮೇಜು. ಕೈಯಾಗಿಂದು ಕಾಗದ. ಹೊರಗ ನಮ್ಮ ಹಾಜರಿ ತಗೊಂಡ್ರು. ಇವೆಲ್ಲಾ ಉರ್ದು ಮಾತು, ನಮ್ಮ ಕಡೀಂದ ಬಂದು ನಿಮ್ಮಲ್ಲಿ ಆರಾಮ ಕೂತಾವ್ರಿ. ನಾ ಈಗ ಬಂದೀನಿ, ಅಷ್ಟೇ."

ಕೋಣೆ ನಮ್ಮ ಹೋಟೆಲಿಗಿಂತ ನಿಶ್ಶಬ್ದವಾಯಿತು. ಆಮೇಲೆ ಆ ಹಿರಿಯರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೂತ್ಕೊಳ್ಳಿ ತಾಯಿ, ಕುರ್ಚಿ ನಿಮ್ಮದೇ" ಎಂದು ಸಹಿ ಹಾಕಿದರು. ಬೀದರಿನ ಅದೇ ಶಾಲೆ, ಅದೇ ತರಗತಿ. ಹೋಟೆಲಿನ ಹಿಂದಿನ ಜಗಲಿಗೆ ಸುದ್ದಿ ಮುಟ್ಟಿಸಿದಾಗ ಅಡುಗೆಯವರು ಪಾತ್ರೆಯ ಮೇಲೆ ಸೌಟು ಬಡಿದರು. ಮ್ಯಾನೇಜರು ಬಂದವರು ಗದರಿಸಲಿಲ್ಲ, ಕೈ ಮುಗಿದರು.

ಹೊರಡುವ ದಿನ ಬೆಳಿಗ್ಗೆ ನನಗೆ ಎಚ್ಚರವಾದಾಗ ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. ಯಾರೋ ತಟ್ಟೆಯಲ್ಲಿ ಚಹ ತಂದಿಟ್ಟು ಹೋಗಿದ್ದರು. ಅವರು ಕುಡಿಯದೆ ಅದನ್ನೇ ನೋಡುತ್ತಿದ್ದರು.

"ಆರಿ ಹೋಗ್ತದ, ಅತ್ತಿ, ಕುಡೀರಿ" ಎಂದೆ.

"ನಾ ಎದ್ದು ಒಲಿ ಹಚ್ಚದಽ ನನ್ನ ಮುಂದ ಚಹಾ ಬಂದದ್ದು ಇದಽ ಮೊದಲು" ಎಂದರು. ಎಂದೂ ಸೋಲದ ಅತ್ತೆಯ ದನಿ ಮೊದಲ ಬಾರಿ ಹೋಟೆಲಿಗೆ ತಕ್ಕಷ್ಟು ಮೆಲ್ಲಗಾಗಿತ್ತು. ಇಷ್ಟು ವರ್ಷವೂ ಅವರ ಕೈಯ ಚಹ ಕುಡಿದೇ ಬೆಳೆದಿದ್ದೆ. ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಊರು ಮುಟ್ಟಿದ ಮರುದಿನ ಅವರಿಗಿಂತ ಮೊದಲೇ ಎದ್ದು ಒಲೆ ಹಚ್ಚಿ ಚಹ ಮಾಡಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತವರು, "ಯಾಕ, ನನಗೇನಾಗ್ಯದ?" ಎಂದು ಗದರಿಸಿದರು. ಆದರೆ ಮಣೆ ಎಳೆದುಕೊಂಡು ಕೂತರು. ಎರಡೂ ಕೈಯಲ್ಲಿ ಕಪ್ಪು ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ಗುಟುಕು ಕುಡಿದರು.

"ಸಕ್ಕರಿ ಮರ್ತೀದಿ" ಎಂದರು, ಕಪ್ಪು ಬರಿದಾದ ಮೇಲೆ.